ಕಡೆಯುವ ಕಲ್ಲಿನ ಗುಳಿ ಪಿಂಗಾಣಿಯಲ್ಲಿ, ಹಿಟ್ಟಿನ ಜಾಗ ಗಾಜಿನಲ್ಲಿ

ಈ ಸಲ ಮಾಡಿದ್ದು ಒಂದು ಕಡೆಯುವ ಕಲ್ಲಿನ ಒಳಗಿನ ಜಾಗ. ಕಲ್ಲಲ್ಲ, ಗುಂಡೂ ಅಲ್ಲ. ಅವೆರಡರ ನಡುವೆ ಹಿಟ್ಟು ನಿಲ್ಲುತ್ತಿತ್ತಲ್ಲ, ಆ ಜಾಗ. ಗುಳಿಯ ಮೈ ತೆಳ್ಳಗಿನ ಪಿಂಗಾಣಿಯಲ್ಲಿದೆ, ಹಿಟ್ಟು ಇರುತ್ತಿದ್ದ ಜಾಗ ದಪ್ಪ ಗಾಜಿನಲ್ಲಿದೆ, ಗುಂಡು ಇರಬೇಕಾದಲ್ಲಿ ಏನೂ ಇಲ್ಲ. ಕೆಲಸ ಮುಗಿದು, ಬಿರುಕು ಬಿಡದೆ ನಿಂತಿದೆ. ಹಾಗಾಗಿ ಹೇಗೆ ಮಾಡಿದೆ ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ಪಿಂಗಾಣಿ ಮತ್ತು ಗಾಜನ್ನು ಒಟ್ಟಿಗೆ ಕೂರಿಸಬೇಕು ಅಂತ ಯೋಚಿಸುತ್ತಿರುವವರು ಬೇರೇನೂ ಓದದಿದ್ದರೂ ನಡುವಿನ ಲೆಕ್ಕವನ್ನು ಓದಿ.

ಕಲ್ಲು ಉಡುಪಿ ಹತ್ತಿರ ಪರ್ಕಳದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯದು. ಕರಿಕಲ್ಲು, ಅಡುಗೆಮನೆಯ ಮೂಲೆಯಲ್ಲಿ ನೆಲಕ್ಕೆ ಹೂತು ಕೂರಿಸಿದ್ದು. ಗ್ರೈಂಡರ್ ಬಂದ ಮೇಲೆ ಅದರ ಮೇಲೊಂದು ಹಲಗೆ ಇಟ್ಟು ತೆಂಗಿನಕಾಯಿ ರಾಶಿ ಹಾಕಿದ್ದರು. ಹಲಗೆ ತೆಗೆದು ಗುಳಿಗೆ ಕೈ ಹಾಕಿದರೆ ಗೊತ್ತಾಗುತ್ತದೆ, ಅದು ಎಲ್ಲಾ ಕಡೆ ಒಂದೇ ಥರ ಇಲ್ಲ. ಗೋಡೆ ಕಡೆ ಉಳಿಯ ಗುರುತು ಇನ್ನೂ ಕೈಗೆ ತರಿ ತರಿಯಾಗಿ ಸಿಗುತ್ತದೆ. ಬಾಗಿಲ ಕಡೆ ಪೂರಾ ನುಣುಪು, ಅಷ್ಟೇ ಅಲ್ಲ, ಅಲ್ಲಿ ಕಲ್ಲು ಸವೆದು ಗುಳಿಯ ಬಾಯಿಗಿಂತ ಹೊಟ್ಟೆ ಒಂದು ಮಿ.ಮೀ. ಆಸುಪಾಸು ಒಳಗೆ ಹೋಗಿದೆ. ಕಲ್ಲು ನೆಲಕ್ಕೆ ಕೂತದ್ದು, ಕಡೆಯುವವರು ಕೂರುವ ಜಾಗವೂ ಯಾವತ್ತೂ ಅದೇ, ಕೈ ಬೀಳುವ ದಿಕ್ಕೂ ಅದೇ. ಇಷ್ಟು ವರ್ಷದ ಕಡೆಯುವ ಕೆಲಸ ಎಲ್ಲಿದೆ ಅಂತ ಕೇಳಿದರೆ ಆ ಸವೆದ ಜಾಗದಲ್ಲಿದೆ. ಅಂದರೆ ಕಲ್ಲು ಇಲ್ಲದ ಕಡೆ ಇದೆ. ಅದನ್ನೇ ತೋರಿಸಬೇಕು ಅಂತ ನನ್ನ ಹಟ.

ಅಚ್ಚು ತೆಗೆಯಲು ಸಾಮಾನು ಹಿಡಿದುಕೊಂಡು ಹೋದಾಗ ದೊಡ್ಡಮ್ಮ ಕೇಳಿದರು, "ಎಂತ ಮಗಾ, ಕಲ್ಲು ಇಲ್ಲೇ ಬಿಟ್ಟು ಹೊಂಡ ಮಾತ್ರ ತಕೊಂಡು ಹೋಗುದಾ?"

"ಹೌದು ದೊಡ್ಡಮ್ಮ, ಹೊಂಡ ಮಾತ್ರ."

"ಹಾಗಾದ್ರೆ ಬಾಗಿಲ ಬದಿಯದ್ದು ಸರಿ ತೆಗಿ. ಅದು ನನ್ನತ್ತೆ ಕಡೆದದ್ದು. ಈಚೆದು ನಾನು ಮತ್ತೆ ಉಳಿ ಹೊಡೆಸಿದ್ದು."

ಇದಕ್ಕಿಂತ ಒಳ್ಳೆಯ ಸೂಚನೆ ನನಗೆ ಯಾವ ಕಲಾ ಶಾಲೆಯಲ್ಲೂ ಸಿಗುತ್ತಿರಲಿಲ್ಲ.

ಖಾಲಿ ಜಾಗವನ್ನು ಎರಕ ಹೊಯ್ಯುವುದು ಹೊಸದೇನಲ್ಲ. ಅಮೆರಿಕದ ಕಲಾವಿದ ಬ್ರೂಸ್ ನೌಮನ್ 1960ರ ದಶಕದಲ್ಲೇ ತನ್ನ ಕುರ್ಚಿಯ ಅಡಿಯ ಜಾಗವನ್ನು ಕಾಂಕ್ರೀಟಿನಲ್ಲಿ ಹೊಯ್ದಿದ್ದರು. ಬ್ರಿಟಿಷ್ ಕಲಾವಿದೆ ರೇಚಲ್ ವೈಟ್‌ರೀಡ್ 1993ರಲ್ಲಿ ಲಂಡನ್ನಿನ ಒಂದು ಹಳೇ ಮನೆಯ ಒಳಗನ್ನೇ ಕಾಂಕ್ರೀಟಿನಲ್ಲಿ ತುಂಬಿಸಿ, ಆಮೇಲೆ ಹೊರಗಿನ ಗೋಡೆ ಬಿಡಿಸಿ ನಿಲ್ಲಿಸಿದರು. 1994ರ ಜನವರಿಯಲ್ಲಿ ಅದನ್ನು ಕೆಡವಿಯೂ ಬಿಟ್ಟರು. ನನಗೆ ಆ ಕೆಲಸಗಳ ಮೇಲೆ ತುಂಬಾ ಗೌರವ. ಆದರೆ ಕಾಂಕ್ರೀಟಿನಲ್ಲಿ ತುಂಬಿಸಿದ ಖಾಲಿ ಒಂದು ಗಟ್ಟಿ ಗಡ್ಡೆ ಆಗುತ್ತದೆ, ಒಳಗೆ ನೋಡಲು ಆಗುವುದಿಲ್ಲ. ನಮ್ಮ ಊರಿನವರಿಗೆ ಖಾಲಿ ಅಂದರೆ ನೋಡುವ ದಾರಿ. ಉಡುಪಿ ಮಠದಲ್ಲಿ ಕೃಷ್ಣನನ್ನು ನೋಡುವುದೇ ಒಂಬತ್ತು ತೂತಿನ ಕಿಂಡಿಯಲ್ಲಿ, ಅಲ್ವಾ? ಮುರಕಲ್ಲಿನ (ಜಂಬಿಟ್ಟಿಗೆಯ) ಕೋರೆ ನೋಡಿದವರಿಗೂ ಇದು ಗೊತ್ತು. ಕಲ್ಲು ಕಡಿದು ಕಡಿದು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಹೋದ ಆ ದೊಡ್ಡ ಹೊಂಡದಲ್ಲಿ ಸುತ್ತಲಿನ ಎಷ್ಟೋ ಮನೆಗಳ ಗೋಡೆಯ ಲೆಕ್ಕ ಇರುತ್ತದೆ. ಹಾಗಾಗಿ ನನಗೆ ಬೆಳಕು ಹಾಯುವ ಖಾಲಿ ಬೇಕಿತ್ತು. ತೆಳು ಪಿಂಗಾಣಿ ಬೆಳಕು ಬಿಡುತ್ತದೆ, ಗಾಜು ಬಿಡುತ್ತದೆ. ಎರಡನ್ನೂ ಆರಿಸಿದ್ದು ಅದಕ್ಕೇ.

ಕಲ್ಲಿನಿಂದ ಅಚ್ಚು

ಗುಳಿಗೆ ನೇರ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದರೆ ಬಾಗಿಲ ಕಡೆಯ ಹೊಟ್ಟೆಯಲ್ಲಿ ಸಿಕ್ಕಿ ಕೂರುತ್ತದೆ, ಮತ್ತೆ ಒಡೆದೇ ತೆಗೆಯಬೇಕು. ಅದಕ್ಕೆ ಸಿಲಿಕೋನ್ ರಬ್ಬರ್ ಬಳಸಿದೆ. ಮೊದಲು ಕಲ್ಲನ್ನು ಬ್ರಶ್ ಹಾಕಿ ಬರೀ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿದೆ. ಆಮೇಲೆ ವ್ಯಾಸಲಿನ್‌ನ ತೀರಾ ತೆಳು ಲೇಪ. ದಪ್ಪ ಹಚ್ಚಿದರೆ ಉಳಿಯ ಗುರುತೆಲ್ಲ ಮುಚ್ಚಿಹೋಗುತ್ತದೆ. ಮೊದಲ ಪದರ ಸಿಲಿಕೋನನ್ನು ಬ್ರಶ್ಶಿನಲ್ಲಿ ಕುಟ್ಟಿ ಕುಟ್ಟಿ ಹಚ್ಚಿದೆ, ಒಂದು ಗುರುತಿನೊಳಗೂ ಗಾಳಿ ಉಳಿಯಬಾರದು. ಆಮೇಲೆ ದಪ್ಪ ಪದರಗಳು. ಅದು ಗಟ್ಟಿಯಾದ ಮೇಲೆ ಒಳಗೆ ಪ್ಲಾಸ್ಟರ್ ತುಂಬಿಸಿದೆ, ರಬ್ಬರಿಗೆ ಒಂದು ಬೆನ್ನೆಲುಬು ಬೇಕಲ್ಲ. ತೆಗೆಯುವಾಗ ಮೊದಲು ಪ್ಲಾಸ್ಟರ್ ಎತ್ತಿ, ಆಮೇಲೆ ರಬ್ಬರನ್ನು ಒಳಕ್ಕೆ ಮಡಚಿ ಎಳೆದರೆ ಬರುತ್ತದೆ. ಮತ್ತೆ ಎರಡನ್ನೂ ಜೋಡಿಸಿದರೆ ಕೈಯಲ್ಲಿ ಗುಳಿಯ ಪೂರ್ತಿ ಆಕಾರ. ಕಲ್ಲಿನಲ್ಲಿ ತಗ್ಗಾಗಿದ್ದದ್ದೆಲ್ಲ ಇಲ್ಲಿ ಉಬ್ಬು.

ಅದನ್ನು ಕವುಚಿ ಹಾಕಿ ಸುತ್ತ ಗೋಡೆ ಕಟ್ಟಿ ಪ್ಲಾಸ್ಟರ್ ಹೊಯ್ದು ಎರಡು ಹೋಳಿನ ಅಚ್ಚು ಮಾಡಿದೆ. 100 ಗ್ರಾಂ ಪ್ಲಾಸ್ಟರಿಗೆ 70 ಗ್ರಾಂ ನೀರು, ತೂಕ ಹಾಕಿಯೇ. ಕಣ್ಣಂದಾಜಿನಲ್ಲಿ ಕಲಸಿದರೆ ಒಂದು ಹೋಳು ನೀರು ಜಾಸ್ತಿ ಹೀರುತ್ತದೆ, ಇನ್ನೊಂದು ಕಡಿಮೆ, ಆಗ ಪಿಂಗಾಣಿಯ ದಪ್ಪವೂ ಎರಡು ಥರ ಆಗುತ್ತದೆ. ಹೋಳು ಕೂಡುವ ಗೆರೆಯನ್ನು ಬೇಕಂತಲೇ ಗೋಡೆ ಕಡೆಯ ತರಿ ಭಾಗಕ್ಕೆ ಬರುವಂತೆ ಇಟ್ಟೆ. ಸವೆದ ನುಣುಪಿನ ಮೇಲೆ ಒಂದು ಗೆರೆಯೂ ಬೀಳಬಾರದು. ಗುಂಡಿಗೂ ಹೀಗೇ ಎರಡು ಹೋಳಿನ ಅಚ್ಚು. ಅದರ ತಲೆಯಲ್ಲಿ ಮರದ ಹಿಡಿ ಕೂರಿಸುತ್ತಿದ್ದ ತೂತು ಇದೆ, ಸ್ಲಿಪ್, ಅಂದರೆ ನೀರಲ್ಲಿ ಹರಿಯುವ ಹಾಗೆ ಕಲಸಿದ ಪಿಂಗಾಣಿ ಮಣ್ಣು, ಹೊಯ್ಯಲು ಅದೇ ಬಾಯಿ.

ಮಳೆಗಾಲದಲ್ಲಿ ನಮ್ಮ ಕಡೆ ಪ್ಲಾಸ್ಟರ್ ಒಣಗಿಸುವುದೇ ಒಂದು ದೊಡ್ಡ ಕೆಲಸ. ಗಾಳಿಯಲ್ಲೇ ಅಷ್ಟು ನೀರಿರುವಾಗ ಅಚ್ಚಿನ ನೀರು ಎಲ್ಲಿಗೆ ಹೋಗಬೇಕು? ಹಲಗೆಯ ಪೆಟ್ಟಿಗೆ ಮಾಡಿ ಒಳಗೆ ಹಳೇ ಬಲ್ಬು, ಒಂದು ಸಣ್ಣ ಫ್ಯಾನ್ ಇಟ್ಟೆ. ಶಾಖ 45 ಡಿಗ್ರಿ ದಾಟಲು ಬಿಡಲಿಲ್ಲ. ಜಾಸ್ತಿ ಕಾಯಿಸಿದರೆ ಪ್ಲಾಸ್ಟರಿನೊಳಗೆ ಕಟ್ಟಿಕೊಂಡಿರುವ ನೀರೂ ಬಿಟ್ಟುಹೋಗಿ ಅಚ್ಚು ಪುಡಿ ಪುಡಿಯಾಗುತ್ತದೆ. ಒಣಗಿತಾ ಇಲ್ಲವಾ ಅಂತ ತಿಳಿಯಲು ಕೈಯಲ್ಲಿ ಮುಟ್ಟಿ ನೋಡುವುದು ಬೇಡ, ತಕ್ಕಡಿಯಲ್ಲಿ ಇಡಿ. ಇವತ್ತಿನ ತೂಕವೂ ನಾಳೆಯ ತೂಕವೂ ಒಂದೇ ಆದರೆ ಒಣಗಿದೆ.

ಪಿಂಗಾಣಿ

ಇಲ್ಲಿನ ಮಣ್ಣಲ್ಲೇ ಮಾಡಬಹುದಿತ್ತಲ್ಲ ಅಂತ ಹಲವರು ಕೇಳಿದರು. ನ್ಯಾಯವಾದ ಪ್ರಶ್ನೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ ನೇತ್ರಾವತಿ ದಡದ ಮಣ್ಣು ನಂಬಿ. ಆ ಮಣ್ಣಿನ ಕೆಂಪು ಬರುವುದು ಅದರಲ್ಲಿರುವ ಕಬ್ಬಿಣದಿಂದ. ಹೆಂಚಿಗೆ ಅದು ಚಂದ. ಆದರೆ ಪಿಂಗಾಣಿಯ ಬಿಸಿಗೆ ಹಾಕಿದರೆ ಉಬ್ಬಿ ಕರಗಲು ಶುರುವಾಗುತ್ತದೆ, ಮತ್ತೆ ಅದರಲ್ಲಿ ಬೆಳಕು ಎಂದೂ ಹಾಯುವುದಿಲ್ಲ. ಹಾಗಾಗಿ ಕಬ್ಬಿಣ ಇಲ್ಲದ ಬಿಳಿ ಮಣ್ಣೇ ಬೇಕು. ನನ್ನ ಮಿಶ್ರಣ ತುಂಬಾ ಹಳೇ ಮಾದರಿಯದ್ದು: ಚೈನಾ ಕ್ಲೇ 50, ಫೆಲ್ಡ್‌ಸ್ಪಾರ್ 25, ಕ್ವಾರ್ಟ್ಸ್ 25. ಚೈನಾ ಕ್ಲೇ ಆಕಾರ ಹಿಡಿಯುತ್ತದೆ, ಫೆಲ್ಡ್‌ಸ್ಪಾರ್ ಕರಗಿ ಎಲ್ಲವನ್ನೂ ಅಂಟಿಸುತ್ತದೆ, ಕ್ವಾರ್ಟ್ಸ್ ಗಟ್ಟಿತನ ಕೊಡುತ್ತದೆ.

ಅಚ್ಚಿಗೆ ಹೊಯ್ಯುವ ಸ್ಲಿಪ್ಪಿಗೆ ನೀರು ಜಾಸ್ತಿ ಹಾಕಿ ತೆಳು ಮಾಡುವ ಹಾಗಿಲ್ಲ, ಕುಗ್ಗುವುದು ಜಾಸ್ತಿಯಾಗುತ್ತದೆ. ಒಣ ತೂಕದ ಶೇ. 0.3ರಷ್ಟು ಸೋಡಿಯಂ ಸಿಲಿಕೇಟ್ ಹಾಕಿದರೆ ಸಾಕು, ಗಟ್ಟಿ ಮುದ್ದೆಯಂತಿದ್ದದ್ದು ಅದೇ ನೀರಿನಲ್ಲಿ ಧಾರೆ ಕಟ್ಟಿ ಹರಿಯುತ್ತದೆ. ಮೊದಲ ಸಲ ನೋಡುವವರಿಗೆ ನಂಬಲು ಆಗುವುದಿಲ್ಲ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ದೂರ ತಳ್ಳಿಕೊಳ್ಳುವ ಹಾಗೆ ಅದು ಮಾಡುತ್ತದೆ. ಒಂದು ಲೀಟರ್ ಸ್ಲಿಪ್ 1,750ರಿಂದ 1,800 ಗ್ರಾಂ ತೂಗಬೇಕು. 80 ಮೆಶ್ ಜರಡಿಯಲ್ಲಿ ಸೋಸಿ ಒಂದು ರಾತ್ರಿ ಹಾಗೇ ಬಿಟ್ಟೆ, ಗಾಳಿಗುಳ್ಳೆ ಮೇಲೆ ಬರಲಿ ಅಂತ.

ಹೊಯ್ದು ಕಾಯುವ ಕೆಲಸ. ಅಚ್ಚು ನೀರು ಹೀರಿಕೊಂಡ ಹಾಗೆ ಅಂಚಿನಲ್ಲಿ ಮಣ್ಣು ಕಟ್ಟುತ್ತದೆ. ಬಾಯಿಯ ಹತ್ತಿರ ಚಾಕುವಿನಲ್ಲಿ ಚೂರು ಕೆರೆದು ದಪ್ಪ ನೋಡುತ್ತಾ ಇರಬೇಕು. 3 ಮಿ.ಮೀ. ಬಂದ ತಕ್ಷಣ ಉಳಿದ ಸ್ಲಿಪ್ ಹೊರಗೆ ಚೆಲ್ಲಿ ಅಚ್ಚನ್ನು ಓರೆಯಾಗಿ ಕವುಚಿ ಇಟ್ಟೆ. ಮಳೆಗಾಲದ ಅಚ್ಚಿನಲ್ಲಿ ಈ ದಪ್ಪ ಬರಲು ಬೇಸಿಗೆಗಿಂತ ಹೊತ್ತು ಜಾಸ್ತಿ ಬೇಕು, ಗಡಿಯಾರ ನಂಬಬೇಡಿ, ಚಾಕುವನ್ನು ನಂಬಿ. ಸ್ವಲ್ಪ ಗಟ್ಟಿಯಾದ ಮೇಲೆ ಹೋಳು ಬಿಡಿಸಿದರೆ ಕೈಗೆ ಬಂದದ್ದು ಹಸಿ ಬಿಳಿ ಬಟ್ಟಲು. ಅದರ ಹೊರಮೈಯಲ್ಲಿ ಕಲ್ಲಿನ ಒಳಮೈ ಇತ್ತು. ಒಂದೊಂದು ಉಳಿ ಗುರುತೂ ಎಳ್ಳಿನ ಗಾತ್ರದ ಉಬ್ಬಾಗಿ ಎದ್ದು, ಬಾಗಿಲ ಕಡೆಗೆ ಬರಬರುತ್ತಾ ಚಪ್ಪಟೆಯಾಗಿ, ಕೊನೆಗೆ ಪೂರಾ ಇಲ್ಲವಾಗುತ್ತದೆ. ಆ ಇಲ್ಲವಾಗುವ ಗಡಿಯನ್ನು ಬೆರಳಲ್ಲಿ ಹುಡುಕಿದರೆ ಸಿಗುವುದಿಲ್ಲ, ಓರೆಯಾಗಿ ಟಾರ್ಚ್ ಬಿಟ್ಟರೆ ಮಾತ್ರ ಕಾಣುತ್ತದೆ. ಅತ್ತೆ ಕಡೆದದ್ದೂ ಸೊಸೆ ಉಳಿ ಹೊಡೆಸಿದ್ದೂ ಒಂದೇ ಮೈ ಮೇಲೆ. ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಾಕುವುದಿಲ್ಲ ಅಂತ ಅಲ್ಲೇ ನಿರ್ಧಾರ ಮಾಡಿದೆ. ಗ್ಲೇಜಿನ ಪದರ ಬಿದ್ದರೆ ಆ ಗಡಿ ಮುಳುಗಿಹೋಗುತ್ತದೆ.

ಸುಡುವಾಗ ಪಿಂಗಾಣಿ ತುದಿ ಬಿಸಿಯಲ್ಲಿ ಮೆತ್ತಗಾಗುತ್ತದೆ. ತೆಳು ಬಟ್ಟಲಿನ ಬಾಯಿ ಮೇಲೆ ಮಾಡಿ ಇಟ್ಟರೆ ಅಂಚು ಬಾಗಿ ಮೊಟ್ಟೆಯಾಕಾರ ಆಗುತ್ತದೆ. ಕವುಚಿ ಇಟ್ಟೆ. ಆದರೆ ನೇರ ಶೆಲ್ಫಿನ ಮೇಲೆ ಅಲ್ಲ. ಅದೇ ಸ್ಲಿಪ್ಪಿನಿಂದ ಮಾಡಿದ, ಇನ್ನೂ ಸುಡದ ಒಂದು ಬಳೆಯ ಮೇಲೆ. ಬಟ್ಟಲು ಕುಗ್ಗಿದ ಹಾಗೆ ಬಳೆಯೂ ಕುಗ್ಗುತ್ತದೆ, ಅಂಚು ಎಲ್ಲೂ ತಡೆದು ನಿಲ್ಲುವುದಿಲ್ಲ. ನಡುವೆ ಅಲ್ಯೂಮಿನಾ ಪುಡಿ, ಅಂಟದಿರಲು. ಮೊದಲು 1,000 ಡಿಗ್ರಿಗೆ ಒಮ್ಮೆ ಸುಟ್ಟು, ನೀರು ಕಾಗದ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಹಾಕಿ ಹೋಳಿನ ಗೆರೆ ತಿಕ್ಕಿ, ಆಮೇಲೆ 1,260 ಡಿಗ್ರಿ. 573 ಡಿಗ್ರಿ ಹತ್ತಿರ ಕ್ವಾರ್ಟ್ಸ್ ಒಮ್ಮೆಲೇ ಹಿಗ್ಗುತ್ತದೆ, ಇಳಿಯುವಾಗ ಅಲ್ಲೇ ಒಮ್ಮೆಲೇ ಕುಗ್ಗುತ್ತದೆ, ಅಲ್ಲಿ ಮಾತ್ರ ಎರಡೂ ಕಡೆ ನಿಧಾನ.

ಗುಳಿಯ ಬಾಯಿ ಕಲ್ಲಿನಲ್ಲಿ 20 ಸೆಂ.ಮೀ. ಇತ್ತು, ಗೂಡಿನಿಂದ ಬಂದದ್ದು 17.4. ಆಳ 14 ಇದ್ದದ್ದು 12.2. ಅಂದರೆ ಶೇ. 13 ಕುಗ್ಗಿದೆ. ಗುಂಡೂ ಅದೇ ಸ್ಲಿಪ್, ಅದೇ ಗೂಡು, ಅದೂ ಅಷ್ಟೇ ಕುಗ್ಗಿದೆ. ಇದು ತುಂಬಾ ಮುಖ್ಯ, ಮುಂದೆ ಹೇಳುತ್ತೇನೆ.

ಗಾಜನ್ನು ನೇರ ಹೊಯ್ಯಬಾರದು ಯಾಕೆ

ಪಿಂಗಾಣಿ ಬಟ್ಟಲಿದೆ, ಪಿಂಗಾಣಿ ಗುಂಡಿದೆ, ನಡುವೆ ಗಾಜಿನ ಚೂರು ತುಂಬಿ ಗೂಡಲ್ಲಿ ಕರಗಿಸಿದರೆ ಮುಗಿಯಿತಲ್ಲ? ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಲೆಕ್ಕ ನೋಡಿ. ಕಿಟಕಿ ಗಾಜು ಒಂದು ಡಿಗ್ರಿ ತಣಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 9 ಪಾಲು ಕುಗ್ಗುತ್ತದೆ. ಪಿಂಗಾಣಿ ಐದೂವರೆ ಪಾಲು ಹತ್ತಿರ. ವ್ಯತ್ಯಾಸ ಮೂರೂವರೆ ಪಾಲು. ಗಾಜು ಗಟ್ಟಿಯಾಗುವುದು 500 ಡಿಗ್ರಿ ಆಸುಪಾಸಿನಲ್ಲಿ, ಅಲ್ಲಿಂದ ಕೋಣೆಯ ಬಿಸಿಗೆ ಬರಲು 470 ಡಿಗ್ರಿ ಇಳಿಯಬೇಕು. 17 ಸೆಂ.ಮೀ. ಅಗಲಕ್ಕೆ ಗುಣಿಸಿದರೆ ಬರುವುದು ಕಾಲು ಮಿಲಿಮೀಟರಿಗಿಂತ ಚೂರು ಜಾಸ್ತಿ.

ಕಾಲು ಮಿಲಿಮೀಟರ್ ಕೇಳಲು ಏನೂ ಅಲ್ಲ. ಆದರೆ ಗಾಜು ಎಳೆದರೆ ಹಿಗ್ಗುವ ವಸ್ತು ಅಲ್ಲ. ಹೊರಗೆ ಬಟ್ಟಲಿಗೆ ಅಂಟಿದ ಗಾಜು ಒಳಕ್ಕೆ ಎಳೆಯುತ್ತದೆ, ಒಳಗೆ ಗುಂಡನ್ನು ಹಿಡಿದ ಗಾಜು ಅದನ್ನು ಹಿಂಡುತ್ತದೆ, ಎರಡೂ ಕಡೆ ಸೋಲುವುದು ಗಾಜೇ. ಇದನ್ನು ಕಣ್ಣಾರೆ ನೋಡಲೇಬೇಕು ಅಂತ ಒಂದು ಸಣ್ಣ ಪಿಂಗಾಣಿ ಬಟ್ಟಲಲ್ಲಿ ಗಾಜು ಕರಗಿಸಿ ಪರೀಕ್ಷೆ ಮಾಡಿದೆ. ಗೂಡಿನಿಂದ ತೆಗೆದಾಗ ಸರಿಯಾಗೇ ಇತ್ತು. ಮೇಜಿನ ಮೇಲಿಟ್ಟು ಬೇರೆ ಕೆಲಸ ಮಾಡುತ್ತಿದ್ದೆ, ಸಂಜೆ ಹೊತ್ತಿಗೆ ಟಿಕ್ ಅಂತ ಸದ್ದು, ಅಂಚಿನಿಂದ ತಳದವರೆಗೆ ಒಂದೇ ಸೀಳು. ತಡವಾಗಿ ಒಡೆಯುವುದೇ ಇದರ ಅಪಾಯ. ಮಾರಿದ ಮೇಲೆ, ಯಾರದೋ ಮನೆಯಲ್ಲಿ ಒಡೆಯಬಹುದು.

ಹಾಗಾಗಿ ಎರಡೂ ಬೇರೆ ಬೇರೆ ಆಗಿ ತಯಾರಾಗಬೇಕು, ಆಮೇಲೆ ಒಂದರೊಳಗೆ ಒಂದು ಕೂರಬೇಕು, ನಡುವೆ ಸಂದು ಉಳಿಯಬೇಕು. ಎಷ್ಟು ಸಂದು? ಬಾಗಿಲ ಕಡೆಯ ಹೊಟ್ಟೆ ಒಂದು ಮಿ.ಮೀ. ಒಳಗೆ ಹೋಗಿದೆಯಲ್ಲ, ಗಾಜು ಅದನ್ನು ದಾಟಿ ಇಳಿಯಬೇಕಾದರೆ 2 ಮಿ.ಮೀ. ಬೇಕು. ಅಂಟು ಹಾಕಿ ಆ ಸಂದು ಮುಚ್ಚಿಬಿಡು ಅಂದ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಖಾಲಿ ಜಾಗದ ಬಗ್ಗೆಯೇ ಇರುವ ಕೆಲಸದಲ್ಲಿ ಎರಡು ವಸ್ತುಗಳು ಒಂದನ್ನೊಂದು ಮುಟ್ಟದೆ ಉಳಿಯಲು ಬೇಕಾದ ಜಾಗವನ್ನೇ ಮುಚ್ಚುವುದು ಅಂದರೆ ಏನರ್ಥ? ಸಂದೂ ಕೆಲಸದ ಒಂದು ಭಾಗ, ಅದನ್ನೂ ಅಳೆದೇ ಮಾಡಬೇಕು.

ಮೇಣ

ಗಾಜಿನ ಆಕಾರವನ್ನು ಮೊದಲು ಮೇಣದಲ್ಲಿ ಮಾಡಿ, ಸುತ್ತ ಅಚ್ಚು ಹೊಯ್ದು, ಮೇಣ ಕರಗಿಸಿ ತೆಗೆದ ಜಾಗಕ್ಕೆ ಗಾಜು ಇಳಿಸಬೇಕು. ಆ ಆಕಾರವನ್ನು ಮೂಲ ಕಲ್ಲಿನಿಂದ ತೆಗೆದರೆ ಶೇ. 13 ದೊಡ್ಡದಾಗಿ ಬಿಡುತ್ತದೆ, ಬಟ್ಟಲೊಳಗೆ ಹೋಗುವುದೇ ಇಲ್ಲ. ಸುಟ್ಟ ಪಿಂಗಾಣಿಯಿಂದಲೇ ತೆಗೆಯಬೇಕು. ಗುಂಡನ್ನೂ ಪಿಂಗಾಣಿಯಲ್ಲಿ ಮಾಡಿದ್ದು ಅದಕ್ಕೇ, ಪ್ರದರ್ಶನಕ್ಕೆ ಅಲ್ಲ. ಬಟ್ಟಲಿನ ಒಳಮೈಗೆ ವ್ಯಾಸಲಿನ್ ಹಚ್ಚಿ 2 ಮಿ.ಮೀ. ದಪ್ಪಕ್ಕೆ ಸಿಲಿಕೋನ್ ಬಳಿದೆ. ವ್ಯಾಸಲಿನ್ ಬಿಡಬೇಡಿ, ಸಿಲಿಕೋನ್ ಪಿಂಗಾಣಿಗೆ, ಗಾಜಿಗೆ ಬಲವಾಗಿ ಅಂಟುತ್ತದೆ. ಈ ಪದರವೇ ಆಮೇಲೆ ಸಂದು ಆಗುತ್ತದೆ, ಮೇಣವೂ ಅದರಿಂದ ಸಲೀಸಾಗಿ ಬಿಡುತ್ತದೆ.

ಗುಂಡನ್ನು ಮರದ ಚೌಕಟ್ಟಿನಿಂದ ಇಳಿಬಿಟ್ಟು, ತಳದಿಂದ 12 ಮಿ.ಮೀ. ಮೇಲೆ ನಿಲ್ಲಿಸಿದೆ. ಹಿಟ್ಟು ತುಂಬಿದಾಗ ಗುಂಡು ಚೂರು ಎದ್ದೇ ತಿರುಗುತ್ತದೆ, ಆ ಸ್ಥಿತಿ. ಸರಿ ನಡುವೆ ಇಡಲಿಲ್ಲ, ಬಾಗಿಲ ಕಡೆಗೆ ಒತ್ತಿದ ಹಾಗೆ ಇಟ್ಟೆ, ಕೈ ಎಳೆಯುವ ಕಡೆಗೆ. ಮೇಣ ಹೊಯ್ಯುವ ಮೊದಲು ಆ ಸಂದಿಗೆ ನೀರು ಹೊಯ್ದು ಅಳೆದೆ, 980 ಮಿ.ಲೀ. ಗಾಜು ನೀರಿನ ಎರಡೂವರೆ ಪಟ್ಟು ತೂಕ. ಅಂದರೆ 2,450 ಗ್ರಾಂ ಗಾಜು ಬೇಕು, ಹೊಯ್ಯುವ ಬಾಯಿಯಲ್ಲಿ ಉಳಿಯುವುದಕ್ಕೆ ಇನ್ನೊಂದು 400.

ಪ್ಯಾರಾಫಿನ್ ಮೇಣಕ್ಕೆ ಮೂರರಲ್ಲಿ ಒಂದು ಪಾಲು ಜೇನುಮೇಣ ಸೇರಿಸಿದೆ, ಬರೀ ಪ್ಯಾರಾಫಿನ್ ತಣಿಯುವಾಗ ಸೀಳುತ್ತದೆ. ಹೊಯ್ದ ಮೇಲೆ ಒಂದು ಗಮನ ಬೇಕು. ಮೇಣವೂ ಕುಗ್ಗುತ್ತದೆ, ಪೂರಾ ತಣಿಯಲು ಬಿಟ್ಟರೆ ಗುಂಡನ್ನು ಹಿಡಿದುಕೊಳ್ಳುತ್ತದೆ. ಇನ್ನೂ ಬೆಚ್ಚಗಿರುವಾಗಲೇ ಗುಂಡನ್ನು ತಿರುಗಿಸುತ್ತಾ ಎಳೆಯಬೇಕು. ಹಾಗೇ ಬಂತು.

ಗಾಜು

ಮೇಣದ ಸುತ್ತ ಹೊಯ್ಯುವ ಅಚ್ಚಿನ ಗಾರೆಗೆ ಪ್ಲಾಸ್ಟರ್ ಮತ್ತು ಸಿಲಿಕಾ ಪುಡಿ ಸಮ ತೂಕ. ಎರಡು ಪಾಲು ಪುಡಿಗೆ ಒಂದು ಪಾಲು ನೀರು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಅದರಿಂದ ಬರುವ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗಕ್ಕೆ ವಾಸಿ ಮಾಡುವ ಮದ್ದಿಲ್ಲ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ಸರಿಯಾದ ಫಿಲ್ಟರ್ ಮಾಸ್ಕ್ ಹಾಕಿ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪಕ್ಕದಲ್ಲಿ ಮಕ್ಕಳು ಓಡಾಡುವ ಮನೆಯಾದರೆ ಈ ಕೆಲಸ ಅಲ್ಲಿ ಮಾಡಲೇಬೇಡಿ.

ಮೇಣದ ಆಕಾರವನ್ನು ಕವುಚಿ ಇಟ್ಟು, ತಳದ ಕಡೆಯಿಂದ ಗಾಜು ಇಳಿಯುವ ಬಾಯಿ ಮಾಡಿ, ಅಂಚಿನಿಂದ ಗಾಳಿ ಹೋಗಲು ಮೇಣದ ಕಡ್ಡಿ ಇಟ್ಟು ಗಾರೆ ಹೊಯ್ದೆ. ಸುತ್ತ ಕೋಳಿಗೂಡಿನ ಜಾಲರಿ ಸುತ್ತಿದರೆ ಬಿರಿದರೂ ಬಿಚ್ಚಿಕೊಳ್ಳುವುದಿಲ್ಲ. ಮೇಣ ಕರಗಿಸಲು ಕುಕ್ಕರಿನ ಆವಿಯನ್ನು ಪೈಪಿನಲ್ಲಿ ಬಿಟ್ಟೆ. ಆ ಕುಕ್ಕರ್ ಇನ್ನು ಅಡುಗೆಮನೆಗೆ ಹೋಗುವುದಿಲ್ಲ.

ಗಾಜು ಕಿಟಕಿ ಅಂಗಡಿಯ ತುಂಡುಗಳು. ಎಲ್ಲವೂ ಒಂದೇ ಹಾಳೆಯದ್ದಾಗಿರಬೇಕು ಅಂತ ಅಂಗಡಿಯವರ ಹತ್ತಿರ ಕೇಳಿ ತಂದೆ. ಬೇರೆ ಬೇರೆ ಕಂಪನಿಯ ಗಾಜು ಕುಗ್ಗುವ ಪ್ರಮಾಣ ಬೇರೆ ಬೇರೆ ಇರಬಹುದು, ಬೆರೆಸಿದರೆ ಆಗಲೇ ಹೇಳಿದ ಕಥೆಯೇ. 4 ಮಿ.ಮೀ. ಹಾಳೆಯಲ್ಲಿ ಈ ಗಾಜಿಗೆ ಬಣ್ಣವೇ ಇಲ್ಲ ಅನಿಸುತ್ತದೆ, ಅಂಚಿನಿಂದ ನೋಡಿದರೆ ಮಾತ್ರ ಹಸಿರು. ದಪ್ಪ ಎರಡೂವರೆ ಸೆಂ.ಮೀ. ಆದಾಗ ಆ ಹಸಿರು ಪೂರ್ತಿ ಮೈಗೆ ಬರುತ್ತದೆ. ಅದೂ ಕಬ್ಬಿಣವೇ. ಪಿಂಗಾಣಿಯಲ್ಲಿ ಬೇಡ ಅಂದದ್ದು ಇಲ್ಲಿ ನನಗೆ ಬೇಕಾಗಿತ್ತು.

ಅಚ್ಚನ್ನು ಗೂಡಿನಲ್ಲಿ ಮೊದಲು 95 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ಆಮೇಲೆ ನಿಧಾನ ಏರಿಸಿ 880ರಲ್ಲಿ ನಿಲ್ಲಿಸಿದೆ. ನೋಡುವ ಕಿಂಡಿಯಿಂದ ಕಪ್ಪು ಕನ್ನಡಕ ಹಾಕಿ ನೋಡುತ್ತಾ, ಬಾಯಿಯಲ್ಲಿ ಗಾಜಿನ ಮಟ್ಟ ಇಳಿಯುವುದು ನಿಂತ ಮೇಲೆ ಇನ್ನೂ ಒಂದು ಗಂಟೆ ಬಿಟ್ಟೆ. ಇಳಿಸುವಾಗ 700ರ ಕೆಳಗೆ ಬೇಗ ಬರಬೇಕು, ಅದಕ್ಕಿಂತ ಮೇಲೆ ತುಂಬಾ ಹೊತ್ತು ನಿಂತರೆ ಕಿಟಕಿ ಗಾಜಿನ ಮೈ ಹರಳುಗಟ್ಟಿ ಮಬ್ಬಾಗುತ್ತದೆ.

ಆಮೇಲಿನದ್ದೇ ನಿಜವಾದ ಕೆಲಸ. 550 ಡಿಗ್ರಿಯಲ್ಲಿ 6 ಗಂಟೆ ನಿಲ್ಲಿಸಿದರೆ ಗಾಜಿನ ಒಳಗೂ ಹೊರಗೂ ಒಂದೇ ಬಿಸಿ. ಅಲ್ಲಿಂದ ಗಂಟೆಗೆ 8 ಡಿಗ್ರಿಯಂತೆ 480ಕ್ಕೆ, ಗಂಟೆಗೆ 14ರಂತೆ 420ಕ್ಕೆ, ಆಮೇಲೆ ಗಂಟೆಗೆ 40. ಒಂದು ಕಡೆ 12 ಮಿ.ಮೀ., ಇನ್ನೊಂದು ಕಡೆ 25 ಮಿ.ಮೀ. ದಪ್ಪ ಇರುವ ತುಂಡು, ತೆಳುವಾದದ್ದು ಮೊದಲು ತಣಿಯುತ್ತದೆ. ಹಾಗಾಗಿ ದಪ್ಪಕ್ಕೆ ಬೇಕಾದ್ದಕ್ಕಿಂತಲೂ ನಿಧಾನದ ಲೆಕ್ಕ ಹಿಡಿದೆ.

550ರಲ್ಲಿ ನಿಂತಿದ್ದಾಗಲೇ ಸಿಡಿಲಿನ ಮಳೆ ಬಂದು ಕರೆಂಟ್ ಹೋಯಿತು. ಕರಾವಳಿಯಲ್ಲಿ ಗೂಡು ಇಟ್ಟವರು ಇದಕ್ಕೆ ತಯಾರಾಗಿಯೇ ಇರಬೇಕು. ಗೂಡಿನ ಬಾಗಿಲು ಮುಟ್ಟಲಿಲ್ಲ, ಮೇಲಿಂದ ಸೆರಾಮಿಕ್ ಕಂಬಳಿ ಹೊದೆಸಿದೆ. ಕರೆಂಟ್ ಬಂದಾಗ ಮೀಟರ್ 531 ತೋರಿಸುತ್ತಿತ್ತು. ಈ ಗಾಜು ಪೂರಾ ಗಟ್ಟಿಯಾಗುವುದು 510ರ ಆಸುಪಾಸಿನಲ್ಲಿ, ಅದನ್ನು ದಾಟಿರಲಿಲ್ಲ. ಕಂಬಳಿ ತೆಗೆದು, ಮತ್ತೆ 550ಕ್ಕೆ ಏರಿಸಿ, 6 ಗಂಟೆಯನ್ನು ಮೊದಲಿನಿಂದ ಲೆಕ್ಕ ಹಾಕಿದೆ. ಒಂದು ಸಲಹೆ: ಗೂಡಿನ ಬಿಸಿ ನಡೆಸುವ ಕಂಟ್ರೋಲರ್ ಕರೆಂಟ್ ಬಂದ ಕೂಡಲೇ ತಾನೇ ಮುಂದುವರಿಯದೆ, ನಿಂತು ಕಾಯುವ ಹಾಗೆ ಸೆಟ್ ಮಾಡಿಡಿ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ನೀವು ಬಿಸಿ ನೋಡಿ ತೀರ್ಮಾನಿಸಬೇಕಾದ್ದು.

ಗೂಡು ಪೂರಾ ತಣಿಯದೆ ತೆರೆಯಲಿಲ್ಲ. ಗಾರೆ ಆ ಹೊತ್ತಿಗೆ ಉಗುರಲ್ಲಿ ಕೆರೆದರೂ ಉದುರುವಷ್ಟು ಮೆತ್ತಗಾಗಿರುತ್ತದೆ, ಒಳಗಿನ ತಿರುಳು ಗಾಜಿನ ಕುಗ್ಗುವಿಕೆಯನ್ನು ತಡೆಯದೆ ಜಜ್ಜಿಹೋಗುತ್ತದೆ. ಅದೇ ನಮಗೆ ಬೇಕಾದದ್ದು. ಮರದ ಕಡ್ಡಿಯಲ್ಲಿ ಬಿಡಿಸಿ, ತೊಳೆದು ನೋಡಿದೆ. ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆಗಳು, ತಳದಲ್ಲಿ ಒತ್ತೊತ್ತಾಗಿ, ಅಂಚಿನ ಕಡೆ ಬಿಡಿಬಿಡಿಯಾಗಿ, ಥೇಟ್ ಹುಳಿ ಬಂದ ದೋಸೆ ಹಿಟ್ಟಿನ ಹಾಗೆ. ಗುಳ್ಳೆ ಬರುತ್ತದೆ ಅಂತ ಗೊತ್ತಿತ್ತು, ಚೂರುಗಳ ನಡುವಿನ ಗಾಳಿ ಅದು. ಗುಳ್ಳೆ ಕಡಿಮೆ ಮಾಡಲು ಇನ್ನೂ ಮೇಲಿನ ಬಿಸಿಗೆ ಹೋಗಬಹುದು, ಆದರೆ ಈ ಕೆಲಸದಲ್ಲಿ ಅವು ಇರಲೇಬೇಕು ಅನಿಸಿತು.

ಒಳಗೆ ಒತ್ತಡ ಉಳಿದಿದೆಯಾ ಅಂತ ನೋಡಲು ದುಬಾರಿ ಉಪಕರಣ ಬೇಡ. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬಿಳಿ ಪರದೆ ತೆರೆಯಿರಿ, ಎಲ್‌ಸಿಡಿ ಪರದೆಯ ಬೆಳಕು ಪೋಲರೈಸ್ ಆಗಿಯೇ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಾ ಬರುತ್ತದೆ. ಕಣ್ಣಿನ ಮುಂದೆ ಪೋಲರಾಯ್ಡ್ ತಂಪು ಕನ್ನಡಕದ ಗಾಜು ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ನಡುವೆ ನಿಮ್ಮ ಗಾಜು ಇಡಿ. ಒತ್ತಡ ಇದ್ದಲ್ಲಿ ಬೆಳಗುತ್ತದೆ, ಜಾಸ್ತಿ ಇದ್ದರೆ ಬಣ್ಣ ಬಣ್ಣವಾಗಿ ಕಾಣುತ್ತದೆ. ನನ್ನದರಲ್ಲಿ ಹೊಯ್ಯುವ ಬಾಯಿಯ ಬುಡದಲ್ಲಿ ಮಾತ್ರ ಒಂದು ಮಸುಕು ಬೆಳಕು ಇತ್ತು, ಹೇಗೂ ಆ ಬಾಯಿಯನ್ನು ಕತ್ತರಿಸಿ ತೆಗೆಯಬೇಕಿತ್ತು. ಕತ್ತರಿಸಿದ ಮೇಲೆ ಅಲ್ಲೂ ಕಪ್ಪು.

ಉಜ್ಜುವುದು ಪೂರಾ ನೀರಿನಲ್ಲೇ. ಸಿಲಿಕಾನ್ ಕಾರ್ಬೈಡ್ ಪುಡಿ, ತರಿಯಿಂದ ನುಣುಪಿಗೆ 80, 220, 400, 600, ಹೀಗೆ ಒಂದಾದ ಮೇಲೊಂದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕೈ, ಬಕೆಟ್, ಏಪ್ರನ್ ಎಲ್ಲ ತೊಳೆಯಬೇಕು, 80ರ ಒಂದೇ ಕಣ ಉಳಿದರೂ ಗೀರು ಬೀಳುತ್ತದೆ. ಅಂಚನ್ನು ಮಾತ್ರ ಪಾಲಿಶ್ ಮಾಡಿದೆ. ಒಳಮೈ, ಹೊರಮೈ ಗಾರೆಯಿಂದ ಬಂದ ಮಬ್ಬಿನಲ್ಲೇ ಬಿಟ್ಟೆ. ಮೇಲಿಂದ ಬಿದ್ದ ಬೆಳಕು ಅಂಚಿನಿಂದ ಒಳಗೆ ಹೋಗಿ, ಮಬ್ಬಿನಲ್ಲಿ ಚದುರಿ, ಆಮೇಲೆ ಪಿಂಗಾಣಿಯ ಹೊರಮೈಯಲ್ಲಿ ಕಾಣಬೇಕು. ಎಲ್ಲ ಕಡೆ ಪಾಲಿಶ್ ಮಾಡಿದರೆ ಬೆಳಕು ನೇರ ಹೊರಟುಹೋಗುತ್ತದೆ.

ಕೂರಿಸಿದ್ದು

ಬಟ್ಟಲಿನ ತಳಕ್ಕೆ 2 ಮಿ.ಮೀ. ದಪ್ಪದ ಮೂರು ಸಣ್ಣ ಸಿಲಿಕೋನ್ ಬಿಲ್ಲೆ ಇಟ್ಟು ಗಾಜನ್ನು ಇಳಿಸಿದೆ. ಬಾಗಿಲ ಕಡೆಯ ಹೊಟ್ಟೆಯ ಹತ್ತಿರ ಚೂರು ಓರೆ ಮಾಡಿ ತಿರುಗಿಸಿದರೆ ಸಲೀಸಾಗಿ ಹೋಗುತ್ತದೆ. ಸುತ್ತಲೂ ಸಂದು ಇದೆ, ಒಂದು ಪೋಸ್ಟ್ ಕಾರ್ಡ್ ತೂರಿಸಿದರೆ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ನಮ್ಮ ಶೆಡ್ಡಿನ ಮಾಡಿನಲ್ಲಿ ಒಂದು ಗಾಜಿನ ಹೆಂಚಿದೆ, ಅದರ ಕೆಳಗಿಟ್ಟು ನೋಡಿದೆ. ಉಳಿ ಗುರುತಿನ ಉಬ್ಬುಗಳು ಪಿಂಗಾಣಿ ದಪ್ಪ ಇರುವ ಜಾಗವಾದ್ದರಿಂದ ಕಪ್ಪು ಚುಕ್ಕೆಯಾಗಿ ಕಾಣುತ್ತವೆ, ಸವೆದ ಕಡೆ ಒಂದೇ ಸಮ ಬೆಳಕು. ಬೆರಳಿಗೂ ಸಿಗದೆ, ಓರೆ ಟಾರ್ಚಿನಲ್ಲಿ ಮಾತ್ರ ಕಾಣುತ್ತಿದ್ದ ಆ ಗಡಿ ಇಲ್ಲಿ ಟಾರ್ಚ್ ಇಲ್ಲದೇ ಕಾಣುತ್ತದೆ. ವಿದ್ಯುತ್ ದೀಪದಲ್ಲಿ ಕೆಳಗಿನಿಂದ ಬೆಳಕು ಕೊಟ್ಟು ನೋಡಿದೆ, ಸರಿ ಬರಲಿಲ್ಲ, ಇದು ಮೇಲಿನ ಬೆಳಕಿನ ಕೆಲಸ.

ಪಿಂಗಾಣಿ ಗುಂಡನ್ನು ಗಾಜಿನೊಳಗೆ ಒಮ್ಮೆ ಇಟ್ಟು ನೋಡಿದೆ, ತೆಗೆದೆ. ಅದನ್ನು ಇಟ್ಟರೆ ಇದು ಕಡೆಯುವ ಕಲ್ಲಿನ ಒಂದು ಸಣ್ಣ ಮಾದರಿ ಆಗುತ್ತದೆ. ತೆಗೆದರೆ ಗಾಜಿನ ಒಳಗಿನ ಆ ಓರೆಯಾದ ತಗ್ಗು ಗುಂಡು ಎಲ್ಲಿತ್ತು, ಯಾವ ಕಡೆ ಒತ್ತಿತ್ತು ಅನ್ನುವುದನ್ನು ತಾನೇ ಹೇಳುತ್ತದೆ. ದೊಡ್ಡಮ್ಮನಿಗೆ ತೋರಿಸಿದಾಗ ಅವರು ತಗ್ಗಿಗೆ ಮುಷ್ಟಿ ಇಟ್ಟು, "ಇದು ಸ್ವಲ್ಪ ಸಣ್ಣ ಆಯ್ತಲ್ಲ ಮಗಾ" ಅಂದರು. ಶೇ. 13ರ ವ್ಯತ್ಯಾಸ ಅವರ ಕೈಗೆ ಕೂಡಲೇ ಗೊತ್ತಾಗಿದೆ.

ಹಾಗಾಗಿ ಮುಂದಿನದ್ದನ್ನು ಮೂಲ ಅಳತೆಗೇ ತರಬೇಕು. ಅದಕ್ಕೆ ಸಿಲಿಕೋನ್ ಆಕಾರವನ್ನೇ ಶೇ. 15ರಷ್ಟು ಹಿಗ್ಗಿಸಿ ಹೊಸ ಮಾದರಿ ಮಾಡಬೇಕು, ಸುಟ್ಟ ಮೇಲೆ 20 ಸೆಂ.ಮೀ.ಗೆ ಸರಿಯಾಗಿ ಬಂದು ನಿಲ್ಲುತ್ತದೆ. ಸ್ಕ್ಯಾನ್ ಮಾಡಿ ತ್ರೀಡಿ ಪ್ರಿಂಟ್ ತೆಗೆಯಬಹುದು, ಆದರೆ ಎಳ್ಳಿನ ಗಾತ್ರದ ಉಳಿ ಗುರುತು ಅದರಲ್ಲಿ ಉಳಿಯುತ್ತದಾ ಅಂತ ಮೊದಲು ಒಂದು ಅಂಗೈ ಅಗಲದ ತುಂಡಿನಲ್ಲಿ ಪರೀಕ್ಷೆ ಮಾಡುತ್ತೇನೆ. ಗಾಜು ಆಗ ಸುಮಾರು ಮೂರು ಮುಕ್ಕಾಲು ಕೆ.ಜಿ. ಆಗುತ್ತದೆ, ದಪ್ಪವೂ ಏರುತ್ತದೆ, ತಣಿಸುವ ಲೆಕ್ಕ ಮತ್ತೆ ಹಾಕಬೇಕು. ಮಳೆ ನಿಂತ ಮೇಲೆ ಶುರು.